ತಪ್ಪೊಪ್ಪಿಕೊಂಡ ಮೇಲೆ ಮೇಲ್ಮನವಿ: ಕೊಪ್ಪಳದ ಒಂದು ವಕೀಲರ ಕಚೇರಿಯ ಅನುಭವ

ನನ್ನ ತಮ್ಮ ಮಿನಿ ಲಾರಿ ಚಾಲಕ. ಅವನ ಗಾಡಿ ತಗುಲಿ ಬೈಕ್ ಸವಾರರೊಬ್ಬರ ಕಾಲು ಮುರಿದಿದ್ದ ಪ್ರಕರಣದಲ್ಲಿ, ತಾಲ್ಲೂಕಿನ ವಕೀಲರೊಬ್ಬರು "ಒಪ್ಪಿಕೊಂಡುಬಿಡು, ದಂಡದಲ್ಲೇ ಮುಗಿಯುತ್ತದೆ" ಎಂದದ್ದನ್ನು ನಂಬಿ ಅವನು ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಂಡ. ದಂಡದ ಜೊತೆಗೆ ಮೂರು ತಿಂಗಳ ಸಾದಾ ಸಜೆಯೂ ಬಂತು. ಮೇಲ್ಮನವಿ ಸಲ್ಲಿಸುವವರೆಗೆ ಅದೇ ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತೆಂಬುದೊಂದೇ ಸಮಾಧಾನ. ಪರಿಚಯದವರೊಬ್ಬರು ಹೇಳಿದ್ದರಿಂದ ನಾವು ಕೊಪ್ಪಳದ ಈ ಕಚೇರಿಯ ಮೆಟ್ಟಿಲು ಹತ್ತಿದಾಗ ತೀರ್ಪು ಬಂದು ಹತ್ತೊಂಬತ್ತು ದಿನಗಳಾಗಿದ್ದವು.

ವಕೀಲರು ಮೊದಲು ಕೇಳಿದ್ದು ಶುಲ್ಕವನ್ನಲ್ಲ, ಕಾಗದಗಳನ್ನು. ತಮ್ಮ ನೇರವಾಗಿ ತಪ್ಪೊಪ್ಪಿಕೊಂಡನೋ, ಇಲ್ಲವೇ ಪ್ಲೀ ಬಾರ್ಗೇನಿಂಗ್ ಅರ್ಜಿ ಹಾಕಿ ಗಾಯಾಳುವಿನೊಡನೆ ಒಪ್ಪಂದಕ್ಕೆ ಬಂದು ಶಿಕ್ಷೆ ಪಡೆದನೋ ಎಂಬುದನ್ನು ಅವರು ದಿನಚರಿ ಹಾಳೆಯ (ಪ್ರತಿ ಮುದ್ದತ್ತಿನಲ್ಲಿ ನಡೆದದ್ದನ್ನು ನ್ಯಾಯಾಲಯ ಬರೆದಿಡುವ ಆರ್ಡರ್ ಶೀಟ್) ನಕಲಿನಲ್ಲೇ ಹುಡುಕಿದರು. ನಮಗೆ ಎರಡೂ ಒಂದೇ ಎನಿಸಿತ್ತು. ವಾಸ್ತವದಲ್ಲಿ, 2006ರ ಜುಲೈನಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದ ಪ್ಲೀ ಬಾರ್ಗೇನಿಂಗ್ ಪ್ರಕಾರ ತೀರ್ಪಾದರೆ ಅದೇ ಅಂತಿಮ. ಕ್ರಿಮಿನಲ್ ಪ್ರಕರಣಗಳು ನಡೆಯಬೇಕಾದ ಕ್ರಮವನ್ನು ಹೇಳುವ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 295ನೆಯ ಕಲಮಿನಂತೆ ಅದರ ಮೇಲೆ ಮೇಲ್ಮನವಿ ಇಲ್ಲ, ಸಂವಿಧಾನದ 226 ಮತ್ತು 227ನೆಯ ವಿಧಿಗಳಡಿ ಹೈಕೋರ್ಟಿಗೆ, ಅಂದರೆ ಕೊಪ್ಪಳದವರಾದರೆ ಧಾರವಾಡ ಪೀಠಕ್ಕೆ, ರಿಟ್ ಅರ್ಜಿ ಹಾಕಬಹುದು, ಇಲ್ಲವೇ 136ನೆಯ ವಿಧಿಯಡಿ ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಕೋರಬಹುದು, ಅಷ್ಟೆ. ತಮ್ಮನದು ಬರೀ ತಪ್ಪೊಪ್ಪಿಗೆಯಾಗಿದ್ದರಿಂದ ಅದೇ ಸಂಹಿತೆಯ 416ನೆಯ ಕಲಮು ಅನ್ವಯಿಸುತ್ತಿತ್ತು: ಅಪರಾಧಿ ಎಂಬ ನಿರ್ಣಯವನ್ನು ಪ್ರಶ್ನಿಸುವಂತಿಲ್ಲ, ಆದರೆ ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನುಬದ್ಧವಲ್ಲ ಎಂದು ಸೆಷನ್ಸ್ ನ್ಯಾಯಾಲಯದಲ್ಲಿ ವಾದಿಸಬಹುದು. ಅವಧಿ ಮೂವತ್ತು ದಿನ. ದೃಢೀಕೃತ ನಕಲು ಸಿಗಲು ಹಿಡಿದ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ.

"ಆಸೆ ತೋರಿಸಿ ಒಪ್ಪಿಸಿದರು ಎಂದು ಇಡೀ ತೀರ್ಪನ್ನೇ ರದ್ದು ಮಾಡಿಸಲು ಆಗದೇ?" ಎಂದು ನಮ್ಮ ತಂದೆ ಕೇಳಿದರು. ಕಡಿಮೆ ಶಿಕ್ಷೆಯ ಭರವಸೆಯಿಂದ ತಪ್ಪೊಪ್ಪಿಸಿ, ಬಳಿಕ ಮೇಲಿನ ನ್ಯಾಯಾಲಯದಲ್ಲಿ ಶಿಕ್ಷೆ ಹೆಚ್ಚಿಸುವುದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು ತಿಪ್ಪೇಸ್ವಾಮಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ವಕೀಲರು ವಿವರಿಸಿದರು. ಆದರೆ ನಮ್ಮ ಕೈಯಲ್ಲಿದ್ದದ್ದು ಹಿಂದಿನ ವಕೀಲರ ಬಾಯಿಮಾತು ಮಾತ್ರ, ಅದನ್ನು ನ್ಯಾಯಾಲಯದ ಭರವಸೆ ಎನ್ನಲಾಗದು ಎಂದೂ ಸ್ಪಷ್ಟವಾಗಿಯೇ ಹೇಳಿದರು. ಇಲ್ಲದ ಆಸೆ ಹುಟ್ಟಿಸದ ಈ ಮಾತಿಗಾಗಿಯೇ ನಾನು ವಕಾಲತ್ತಿಗೆ ತಮ್ಮನಿಂದ ಸಹಿ ಹಾಕಿಸಿದೆ. ತಂದೆಗೆ ಮಾತ್ರ ಬಹಳ ಬೇಸರವಾಯಿತು.

ಶುಲ್ಕ ಹದಿನೆಂಟು ಸಾವಿರ ರೂಪಾಯಿ, ಎರಡು ಕಂತು, ಎರಡಕ್ಕೂ ರಸೀದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ ವರಮಾನ ನೋಡದೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಬಹುದು ಎಂದು ಹಣ ಮುಟ್ಟುವ ಮೊದಲೇ ತಿಳಿಸಿದ್ದರು. ನಾವು ಆ ಪಟ್ಟಿಯಲ್ಲಿರಲಿಲ್ಲ.

ಕುಂದುಗಳೂ ಇವೆ. ಗುಮಾಸ್ತರು ಜೆರಾಕ್ಸ್ ಹಣವನ್ನು ಎರಡು ಸಲ ಕೇಳಿದರು, ರಸೀದಿ ತೋರಿಸಿದ ಮೇಲೆ ಸುಮ್ಮನಾದರು. ಫೋನ್ ಎತ್ತುವುದೇ ಅಪರೂಪ. ಒಂದು ಮುದ್ದತ್ತು ಗವಿಮಠದ ಜಾತ್ರೆಯ ದಿನಗಳಲ್ಲಿ ಬಿದ್ದು, ಬಸ್ಸಿನಲ್ಲಿ ನಿಂತೇ ಬಂದು ತಲುಪಿದರೆ, ವಾದ ಮುಂದಕ್ಕೆ ಹೋದ ಸುದ್ದಿ ಬಾಗಿಲಲ್ಲೇ ಸಿಕ್ಕಿತು. ಹಿಂದಿನ ಸಂಜೆ ಒಂದು ಸಂದೇಶ ಕಳಿಸಿದ್ದರೆ ಸಾಕಿತ್ತು.

ವಾದ ಮಾತ್ರ ಅಚ್ಚುಕಟ್ಟಾಗಿತ್ತು. ಮೊದಲ ಅಪರಾಧ, ಗಾಯಾಳುವಿನ ಚಿಕಿತ್ಸೆಗೆ ನಾವೇ ಕೊಟ್ಟ ಹಣದ ಬಿಲ್ಲುಗಳು, ಮನೆಯಲ್ಲಿ ದುಡಿಯುವವನು ಅವನೊಬ್ಬನೇ ಎಂಬುದು, ಇಷ್ಟನ್ನೇ ಮುಂದಿಟ್ಟರು. ಸಜೆ ಮೂರು ತಿಂಗಳಿಂದ ಒಂದು ತಿಂಗಳಿಗೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಹೋಗುತ್ತದೆ ಎಂದು ಅವರೂ ಹೇಳಿರಲಿಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹೋಗುವವರು ಸೋಮವಾರದ ಜನಜಂಗುಳಿ ತಪ್ಪಿಸಿ, ಸಂಜೆ ಆರರ ನಂತರ, ತೀರ್ಪಿನ ನಕಲಿನ ಜೊತೆಗೆ ದಿನಚರಿ ಹಾಳೆಯ ನಕಲನ್ನೂ ಒಯ್ಯುವುದು ಒಳ್ಳೆಯದು.