ಆಡಿ ಬಿಟ್ಟು ಅಂಪೈರ್ ಆದವರಿಗೆ ಯಾವ ಕೌಂಟರ್ ಒಳ್ಳೇದು?

ಬ್ಯಾಟು ಕೆಳಗಿಟ್ಟು ಅಂಪೈರಿಂಗ್‌ಗೆ ಇಳಿದ ಆಟಗಾರನಿಗೆ ಎಲ್‌ಬಿಡಬ್ಲ್ಯೂಗಿಂತ ಮೊದಲು ಕೈ ಕೊಡುವುದು ಎಸೆತದ ಲೆಕ್ಕ. ಆಡುವಾಗ ಆ ಲೆಕ್ಕ ಬೇರೆಯವರ ತಲೆನೋವು. ಕವರ್ ಡ್ರೈವ್ ಹೋಯಿತೆಂದರೆ ಹಳೇ ಅಭ್ಯಾಸದಲ್ಲಿ ಕಣ್ಣು ಚೆಂಡಿನ ಹಿಂದೆ ಓಡುತ್ತೆ, ಎಣಿಸಬೇಕಾದ ಹೆಬ್ಬೆರಳು ಸುಮ್ಮನಾಗುತ್ತೆ.

ಇದಕ್ಕೆ ಅಂಗೈಯಲ್ಲಿ ಹಿಡಿದು ಎಣಿಸುವ ಮೂರು ಚಕ್ರದ ಪ್ಲಾಸ್ಟಿಕ್ ಕೌಂಟರ್ ಸಾಕು. ಎಸೆತ, ಓವರ್, ವಿಕೆಟ್‌ಗೆ ಒಂದೊಂದು ಚಕ್ರ. ಅಂಗಡಿಯಲ್ಲೇ ಪರೀಕ್ಷಿಸಿ: ಕಣ್ಣು ಮುಚ್ಚಿ ಎಸೆತದ ಚಕ್ರವನ್ನು 0ಯಿಂದ 6ರವರೆಗೆ ತಿರುಗಿಸಿದರೆ ಪ್ರತಿ ಅಂಕಿಗೂ 'ಟಕ್' ಅಂತ ಬೆರಳಿಗೆ ಗೊತ್ತಾಗಬೇಕು. ಆಮೇಲೆ ಪ್ಯಾಂಟಿನ ಜೇಬಿಗೆ ಹಾಕಿ ನಾಲ್ಕು ಹೆಜ್ಜೆ ಓಡಿ. ಅಂಕಿ ತಾನಾಗೇ ಜರುಗಿದ್ದರೆ ಚಕ್ರದ ಹಲ್ಲು ಸಡಿಲ, ಅಲ್ಲೇ ಬಿಟ್ಟು ಬನ್ನಿ. ಬಣ್ಣದಲ್ಲಿ ಅಚ್ಚಾದ ಅಂಕಿ ಬೆವರಿಗೆ ಅಳಿಸುತ್ತೆ. ಕೊರೆದ ಅಂಕಿಯದ್ದೇ ತಗೊಳ್ಳಿ. ಬ್ಯಾಟರಿಯದ್ದು ಬೇಡವೇ ಬೇಡ: ಬಿಸಿಲಲ್ಲಿ ಪರದೆ ಸರಿಯಾಗಿ ಕಾಣದಿರಬಹುದು, ಗುಂಡಿ ಒಮ್ಮೆ ಒತ್ತಿದರೆ ಎರಡಾಗಲೂಬಹುದು.

ಕೌಂಟರ್ ಎಡಗೈಯಲ್ಲಿರಲಿ, ಬೆರಳೆತ್ತಲು ಬಲಗೈ ಬೇಕು. ಬೌಲರ್ ಕೈಯಿಂದ ಚೆಂಡು ಬಿಟ್ಟ ಕೂಡಲೇ ಕ್ಲಿಕ್ ಮಾಡುವವರೇ ಜಾಸ್ತಿ ಎಡವೋದು, ಯಾಕೆಂದರೆ ಅದು ವೈಡೋ ನೋಬಾಲೋ ಆದರೆ ಚಕ್ರ ಹಿಂದಕ್ಕೆ ತಿರುಗಿಸಬೇಕಾಗುತ್ತೆ. ಚೆಂಡು ಡೆಡ್ ಆಗಿ, ಅಂದರೆ ಆ ಎಸೆತದ ಆಟ ಮುಗಿದ ಮೇಲೆ ಚಕ್ರ ತಿರುಗಿಸಿ. ಓವರ್ ಮುಗಿದಾಗ ಸ್ಕ್ವೇರ್ ಲೆಗ್‌ಗೆ ಹೊರಡುವ ಮೊದಲೇ ಓವರ್ ಚಕ್ರ ಒಂದು ಮುಂದಕ್ಕೆ, ಎಸೆತದ್ದು 0ಗೆ. ಮೂರೂ ಬಿಡಿಬಿಡಿ ಚಕ್ರಗಳು, ಒಂದು ತಿರುಗಿದರೆ ಇನ್ನೊಂದು ತಿರುಗಲ್ಲ. ನಾಲ್ಕು ಎಸೆತ ಆದಮೇಲೆ ಜೊತೆಗಾರ ಅಂಪೈರ್‌ಗೆ ಇನ್ನೆರಡು ಬಾಕಿ ಅಂತ ಎರಡು ಬೆರಳು ತೋರಿಸಿ ತಾಳೆ ನೋಡಿ. ಕ್ರಿಕೆಟ್ ನಿಯಮ 17.5ರ ಪ್ರಕಾರ ಲೆಕ್ಕ ತಪ್ಪಿದರೂ ಅಂಪೈರ್ ಎಣಿಸಿದ್ದೇ ಓವರ್. ಐದೇ ಎಸೆತಕ್ಕೆ 'ಓವರ್' ಅಂದರೆ ಮುಗೀತು, ಬೌಲರ್ ಗುರಾಯಿಸಿದರೂ ವಾಪಸ್ ತರಲಾಗಲ್ಲ.

ಕೌಂಟರ್ ಮಾಡುವುದು ಇಷ್ಟೇ, ಉಳಿದದ್ದು ಕಣ್ಣಿನ ಕೆಲಸ. ಶ್ರೀಲಂಕಾ ಪರ 31 ಟೆಸ್ಟ್ ಆಡಿ ಅಂಪೈರ್ ಆದ ಕುಮಾರ್ ಧರ್ಮಸೇನ 2019ರ ವಿಶ್ವಕಪ್ ಫೈನಲ್‌ನಲ್ಲಿ ಓವರ್‌ಥ್ರೋಗೆ (ಫೀಲ್ಡರ್ ಎಸೆದ ಚೆಂಡು ಬೌಂಡರಿಗೆ ಹೋದದ್ದಕ್ಕೆ) ಐದರ ಬದಲು ಆರು ರನ್ ಕೊಟ್ಟರು. ಫೀಲ್ಡರ್ ಎಸೆಯುವ ಹೊತ್ತಿಗೆ ಬ್ಯಾಟರ್‌ಗಳು ಎರಡನೇ ರನ್‌ಗೆ ಇನ್ನೂ ಒಬ್ಬರನ್ನೊಬ್ಬರು ದಾಟಿರಲಿಲ್ಲ, ಹಾಗಾಗಿ ಆ ರನ್ ಲೆಕ್ಕಕ್ಕೆ ಬರಬಾರದಿತ್ತು. ಅದನ್ನು ಯಾವ ಚಕ್ರವೂ ಹೇಳಲ್ಲ. ನಮ್ಮ ಎ. ವಿ. ಜಯಪ್ರಕಾಶ್ ಕರ್ನಾಟಕಕ್ಕೆ ಆಡಿ ಅಂಪೈರ್ ಆದವರು. 1999ರ ದೆಹಲಿ ಟೆಸ್ಟ್‌ನಲ್ಲಿ ಕುಂಬ್ಳೆ 74 ರನ್‌ಗೆ ಹತ್ತೂ ವಿಕೆಟ್ ಕಿತ್ತಾಗ ಬೌಲರ್ ತುದಿಯಲ್ಲಿದ್ದವರು ಅವರೇ. ಕಿವಿ ತುಂಬ ಅಪೀಲು, ಬ್ಯಾಟಿನ ಸುತ್ತ ಫೀಲ್ಡರ್‌ಗಳು. ಅಂಥ ಹೊತ್ತಿನಲ್ಲಿ ಬಗ್ಗಿ ನೋಡದೆ ಬೆರಳಿಗೇ ಅಂಕಿ ತಿಳಿಯುವ ಕೌಂಟರ್‌ನ ಬೆಲೆ ಗೊತ್ತಾಗೋದು.

ಬೆಲೆ ಹೆಚ್ಚೇನಿಲ್ಲ, ಒಂದೇ ಮಾದರಿಯದ್ದು ಎರಡು ತಗೊಳ್ಳಿ. ಚಕ್ರಗಳ ಕ್ರಮ ಬೇರೆ ಇರುವ ಇನ್ನೊಂದು ಕೈಗೆ ಬಂದರೆ ವಿಕೆಟ್ ಜಾಗದಲ್ಲಿ ಓವರ್ ಏರಿರುತ್ತೆ. ಜೇಬಲ್ಲಿ ಆರು ನಾಣ್ಯವೂ ಇರಲಿ, ಎಸೆತಕ್ಕೊಂದು ಆ ಜೇಬಿನಿಂದ ಈ ಜೇಬಿಗೆ. ಅದಕ್ಕೆ ಹಲ್ಲು ಸವೆಯುವ ಭಯವಿಲ್ಲ.