ಕೊಳೆರೋಗಕ್ಕೆ ಬೋರ್ಡೋ ಹೊಡೆಯೋದಾ, ಕೊಟ್ಟೆ ಕಟ್ಟೋದಾ?

ಮೇ ತಿಂಗಳು ಬಂತೆಂದರೆ ಮಲೆನಾಡಿನ ಅಡಿಕೆ ಬೆಳೆಗಾರರಲ್ಲಿ ಇದೇ ಮಾತು. ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ಈ ರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದೋ, ಇಲ್ಲ ಕೊನೆಗೆ, ಅಂದರೆ ಅಡಿಕೆ ಗೊಂಚಲಿಗೆ, ಕೊಟ್ಟೆ ಎಂಬ ಹೊದಿಕೆ ಕಟ್ಟುವುದೋ ಅಂತ. ನಮ್ಮಲ್ಲಿ ಹಳ್ಳದ ಪಕ್ಕದ ಕೆಳತೋಟವೂ ಇದೆ, ಬಿಸಿಲು ಗಾಳಿ ಚೆನ್ನಾಗಿ ಆಡುವ ಮೇಲ್ತೋಟವೂ ಇದೆ. ಎರಡೂ ಕಡೆ ಎರಡನ್ನೂ ಮಾಡಿ ನೋಡಿದ್ದೇನೆ. ಎರಡರ ಫಲವೂ ಜಾಗ ನೋಡಿಕೊಂಡು ಬದಲಾಗುತ್ತದೆ.

ಕೊಳೆ ತರುವುದು ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಶಿಲೀಂಧ್ರ ಅನ್ನುವುದು ರೂಢಿ, ಆದರೆ ಅದು ಪಾಚಿಗೆ ಹತ್ತಿರದ ಜೀವಿ. ಅದರ ಬೀಜಕಣ ನೀರಿನಲ್ಲಿ ಈಜುತ್ತದೆ. ಕಾಯಿಯ ಮೇಲೆ ತೆಳ್ಳಗೆ ನೀರು ನಿಂತರೆ ಸಾಕು. 20ರಿಂದ 23 ಡಿಗ್ರಿ ತಂಪು, ಬಿಡದ ಮಳೆ, ನಡುವೆ ಒಂದಿಷ್ಟು ಬಿಸಿಲು ಸೇರಿದರೆ ಮುಗಿಯಿತು, ಹಸಿ ಕಾಯಿ ಉದುರಲು ಶುರು.

ಬೋರ್ಡೋ ಹಳೆಯ ನಂಬಿಕಸ್ತ. ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಈ ರೋಗದ ಬೆನ್ನು ಹತ್ತಿದ ಕಾಲದಿಂದ, ಅಂದರೆ 1910ರ ಆಸುಪಾಸಿನಿಂದ, ನಮ್ಮ ಕಡೆ ಇದೆ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆಗೆ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ. ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಮೊದಲ ಸಲ ಯಾವ ತೊಂದರೆಯೂ ಇಲ್ಲ. ಕಷ್ಟ ಇರುವುದು ಎರಡನೆಯದರಲ್ಲೇ. ಜುಲೈನಲ್ಲಿ ಕೊನೆ ಒಣಗಬೇಕು, ಹೊಡೆದದ್ದು ಅಂಟಿ ಕೂರಬೇಕು. ಅಷ್ಟು ಹೊಳವು, ಅಂದರೆ ಮಳೆ ಬಿಡುವು, ಎಲ್ಲಿ ಸಿಗುತ್ತದೆ? ಅಷ್ಟರಲ್ಲಿ ಕಾಯಿ ದಪ್ಪವಾಗಿ, ಔಷಧಿ ತಾಗದ ಹೊಸ ಸಿಪ್ಪೆ ಹೊರಗೆ ಬಂದಿರುತ್ತದೆ. ಮೇಲ್ತೋಟದಲ್ಲಿ ಗಾಳಿಗೆ ಕೊನೆ ಬೇಗ ಆರುವುದರಿಂದ ಇದು ನಡೆದುಹೋಗುತ್ತದೆ. ಕೆಳತೋಟದಲ್ಲಿ ಮಳೆ ನಿಂತರೂ ಮಂಜು, ಹನಿ. ಅಲ್ಲಿ ಬೋರ್ಡೋ ಹೊಡೆದ ಮರದ ಬುಡದಲ್ಲೂ ಕೊಳೆತ ಕಾಯಿ ಆರಿಸಬೇಕಾಗಿ ಬಂತು.

ಕೆಳತೋಟಕ್ಕೆ ಕೊಟ್ಟೆಯೇ ಸೈ. ಹಿಂದೆ ಕರಡದ (ಒಣಹುಲ್ಲಿನ) ಕೊಟ್ಟೆ ಇತ್ತು, ಈಗ ಪ್ಲಾಸ್ಟಿಕ್. ಕೊನೆಗೆ ನೀರೇ ತಾಗದ ಮೇಲೆ ರೋಗ ಹತ್ತುವುದು ಹೇಗೆ? ಕೆಳಗಡೆ ಬಾಯಿ ತೆರೆದೇ ಇರಬೇಕು, ಇಲ್ಲವಾದರೆ ಒಳಗೆ ಬೆವರುತ್ತದೆ. ಜೂನ್ ಮಳೆ ಹಿಡಿಯುವ ಮೊದಲೇ ಕಟ್ಟಿದರೆ ಮಳೆಗಾಲ ಮುಗಿಯುವವರೆಗೆ ಚಿಂತೆಯಿಲ್ಲ.

ಆದರೆ ಪ್ರತಿ ಮರವನ್ನೂ ಹತ್ತಬೇಕು. ಬೋರ್ಡೋ ಆದರೆ ಮರ ಹತ್ತುವ ಕೊನೆಗಾರ ಒಂದು ಮರದಲ್ಲಿ ಕೂತು ಅಕ್ಕಪಕ್ಕದ ಕೊನೆಗಳಿಗೂ ಹೊಡೆಯುತ್ತಾನೆ, ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ನೆಲದಿಂದಲೇ ಹೊಡೆಯುವವರೂ ಇದ್ದಾರೆ. ಕೊನೆಗಾರರೇ ಸಿಗದ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ ಅಲ್ವಾ? ಗಾಳಿಗೆ ಹರಿದ ಪ್ಲಾಸ್ಟಿಕ್ ತೋಟದ ತುಂಬ ಹರಡುವುದಂತೂ ನನಗೆ ನಿಜವಾಗಿ ನೋವು. ಇನ್ನೂ ಒಂದಿದೆ. ಕೊಟ್ಟೆ ಕೊನೆಯನ್ನು ಮಾತ್ರ ಕಾಯುತ್ತದೆ. ಮರದ ನೆತ್ತಿಯ ಸುಳಿಗೂ ಕೊಳೆ ಹತ್ತಿದರೆ ಮರವೇ ಹೋಗುತ್ತದೆ, ಅದಕ್ಕೆ ಬೋರ್ಡೋನೇ ಬೇಕು.

ಹಾಗಾಗಿ ಈಗ ಮೇಲ್ತೋಟಕ್ಕೆ ಎರಡು ಸಲ ಬೋರ್ಡೋ. ಹಳ್ಳದ ಸಾಲುಗಳಿಗೆ ಮೊದಲು ಸುಳಿ ನೆನೆಯುವಂತೆ ಒಮ್ಮೆ ಬೋರ್ಡೋ, ಅದು ಒಣಗಿದ ಮೇಲೆ ಕೊಟ್ಟೆ. ಖರ್ಚು ಅಲ್ಲಿ ಜಾಸ್ತಿ, ಆದರೂ ಆ ಸಾಲುಗಳಿಗೆ ಇದನ್ನು ಬಿಡುವುದಿಲ್ಲ.