ಹತ್ತಕ್ಕೆ ಹತ್ತರ ಕೋಣೆ, ಆರು ಕೌದಿ, ಎರಡು ಮೈಕು: ನಾಲ್ಕು ವರ್ಷಗಳ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷಗಳಲ್ಲಿ ನಾನು ದುಡ್ಡು ಕೊಟ್ಟು ತಂದ ಯಾವ ಸಾಮಾನೂ, ಅತ್ತೆಯವರು ಧಾರವಾಡದಿಂದ ಕಳಿಸಿದ ಆರು ಕೌದಿಗಳಷ್ಟು ನನ್ನ ಧ್ವನಿಮುದ್ರಣವನ್ನು ಸುಧಾರಿಸಲಿಲ್ಲ. ಮೈಕಿನ ಬಗ್ಗೆ ಓದಲು ಬಂದವರಿಗೆ ಇದು ಸಪ್ಪೆ ಎನಿಸಬಹುದು. ಮೈಕಿಗೂ ಬರುತ್ತೇನೆ.

ಮೈಸೂರಿನಲ್ಲಿ ಬಾಡಿಗೆ ಮನೆಯ ಮೊದಲ ಮಹಡಿ. ಹಗಲು ಬ್ಯಾಂಕಿನ ಕೆಲಸ, ರಾತ್ರಿ ಕನ್ನಡ ಕಥೆ ಕಾದಂಬರಿಗಳನ್ನು ಓದಿ ಮುದ್ರಿಸುವ ಕೆಲಸ. ಕಣ್ಣು ಕಾಣದ ಸ್ನೇಹಿತರೊಬ್ಬರಿಗಾಗಿ ಮೊಬೈಲಿನಲ್ಲಿ ಶುರುವಾದದ್ದು, ಈಗ ಇಬ್ಬರು ಪ್ರಕಾಶಕರಿಗೆ ಸಂಭಾವನೆಗೆ ಓದಿಕೊಡುವವರೆಗೆ ಬಂದಿದೆ. ಮನೆಯಲ್ಲಿ ಸ್ಟುಡಿಯೊ ಎಂದರೆ ನಗುವವರಿಗೆ ನಾನು ಕೊಡುವ ಉತ್ತರ ಒಂದೇ: 1935ರಲ್ಲಿ ಇದೇ ಊರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು, ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಬಂದದ್ದು. ನನ್ನದು ಅದರ ಮುಂದೆ ಗುಬ್ಬಿಗೂಡು, ಆದರೆ ಊರಿನ ಗಾಳಿಯಲ್ಲೇ ಈ ಖಾಯಿಲೆ ಇದೆ.

ಸಾಮಾನುಗಳು ಇವು: ಆಡಿಯೊ ಟೆಕ್ನಿಕಾ ಎಟಿ2020 ಕಂಡೆನ್ಸರ್ ಮೈಕು (ಸಣ್ಣ ಸದ್ದನ್ನೂ ಹಿಡಿಯುವ ಜಾತಿ), ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಇಂಟರ್‌ಫೇಸಿನ ಮೂರನೇ ಆವೃತ್ತಿ (ಮೈಕಿನ ಶಬ್ದವನ್ನು ಲ್ಯಾಪ್‌ಟಾಪಿಗೆ ದಾಟಿಸುವ ಪೆಟ್ಟಿಗೆ), ಒಂದು ಮುಚ್ಚಿದ ಹೆಡ್‌ಫೋನು, ಹಳೆಯ ಲ್ಯಾಪ್‌ಟಾಪು, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ. ಎರಡು ವರ್ಷದ ನಂತರ ಶೂರ್ ಎಸ್ಎಂ58 ಸೇರಿಕೊಂಡಿತು. ಮೈಕು, ಇಂಟರ್‌ಫೇಸುಗಳು ಇಂದಿಗೂ ಒಮ್ಮೆಯೂ ಕೈಕೊಟ್ಟಿಲ್ಲ. ಕೈಕೊಟ್ಟದ್ದೆಲ್ಲ ಅಗ್ಗದ ಪರಿಕರಗಳು. ಮೇಜಿಗೆ ಕಚ್ಚಿಸುವ ಸ್ಟ್ಯಾಂಡು ಆರು ತಿಂಗಳಲ್ಲಿ ಕತ್ತು ಬಾಗಿಸಿತು. ಓದುತ್ತಿದ್ದಂತೆ ಮೈಕು ನಿದ್ದೆಗೆ ಜಾರುವವರ ಹಾಗೆ ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ಈಗ ನೆಲದ ಮೇಲೆ ನಿಲ್ಲುವ, ಭಾರವಾದ ಕಬ್ಬಿಣದ ಸ್ಟ್ಯಾಂಡು ಇದೆ. ಅದನ್ನು ಮೊದಲೇ ಕೊಳ್ಳಬೇಕಿತ್ತು.

ಇನ್ನು ಕೋಣೆ. ಹತ್ತಡಿ ಉದ್ದ, ಹತ್ತಡಿ ಅಗಲ, ಎತ್ತರವೂ ಹತ್ತಡಿ. ವಾಸ್ತುವಿನವರು ಏನೆನ್ನುತ್ತಾರೋ, ಶಬ್ದದ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಆಕಾರ ಇಲ್ಲ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ 56 ಹರ್ಟ್ಸ್ (ಸೆಕೆಂಡಿಗೆ 56 ಕಂಪನ) ಆಸುಪಾಸಿನ ಶಬ್ದ, ಅದರ ಇಮ್ಮಡಿಯಾದ 112, ಮುಮ್ಮಡಿಯಾದ 169 ನಿಂತಲ್ಲೇ ತುಯ್ಯುತ್ತವೆ. ಮೂರು ದಿಕ್ಕಿನಲ್ಲೂ ಅಳತೆ ಒಂದೇ ಆದಾಗ ಮೂರೂ ಒಂದರ ಮೇಲೊಂದು ಕೂರುತ್ತವೆ. ಗಂಡು ದನಿಯ ಬುಡ ಇರುವುದೇ 112ರ ಅಕ್ಕಪಕ್ಕ. ಹಾಗಾಗಿ ನನ್ನ ಮೊದಲ ಮುದ್ರಣಗಳಲ್ಲಿ ನಾನು ಹಂಡೆಯೊಳಗೆ ಕೂತು ಓದಿದಂತೆ ಕೇಳುತ್ತಿತ್ತು.

ಎಲ್ಲರಂತೆ ನಾನೂ ಆನ್‌ಲೈನಿನಲ್ಲಿ ಒಂದಿಂಚು ದಪ್ಪದ ಫೋಮ್ ತುಂಡುಗಳನ್ನು ತರಿಸಿದೆ. ಇಪ್ಪತ್ತನಾಲ್ಕು ತುಂಡು. ವಾರವಿಡೀ ರಬ್ಬರ್ ವಾಸನೆ. ಚಪ್ಪಾಳೆ ತಟ್ಟಿದರೆ ಬರುತ್ತಿದ್ದ ಟಣ್ ಎಂಬ ಪ್ರತಿಧ್ವನಿ ಹೋಯಿತು, ಹಂಡೆ ಹಾಗೇ ಉಳಿಯಿತು. ತೆಳು ಫೋಮು ಹಿಡಿಯುವುದು ತಾರಕದ ಶಬ್ದವನ್ನು ಮಾತ್ರ, ಮಂದ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಹೊರಗಿನ ಗದ್ದಲವನ್ನಂತೂ ಅದು ಕೂದಲೆಳೆಯಷ್ಟೂ ತಡೆಯುವುದಿಲ್ಲ. ಕೋಣೆಯೊಳಗಿನ ಅನುರಣನವನ್ನು ಹೀರುವುದು ಒಂದು ಕೆಲಸ, ಹೊರಗಿನ ಸದ್ದನ್ನು ತಡೆಯುವುದು ಇನ್ನೊಂದು. ಮಾರುವವರು ಎರಡನ್ನೂ ಬೇಕೆಂದೇ ಕಲಸಿಬಿಡುತ್ತಾರೆ. ಬೇಸಿಗೆ ಬಂದಾಗ ಅಂಟು ಬಿಟ್ಟು ತುಂಡುಗಳು ಒಂದೊಂದಾಗಿ ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಬಿದ್ದವು. ಮನೆ ಮಾಲೀಕರಿಗೆ ಈ ವಿಷಯ ಇನ್ನೂ ತಿಳಿದಿಲ್ಲ.

ಆಗ ನೆನಪಾದದ್ದು ಅಟ್ಟದ ಮೇಲಿದ್ದ ಕೌದಿಗಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದವು. ಒಂದೊಂದೂ ಎತ್ತಲು ಎರಡು ಕೈ ಬೇಕು. ಎರಡು ಗೋಡೆಗಳ ನಡುವೆ ಹಗ್ಗ ಬಿಗಿದು, ಗೋಡೆಯಿಂದ ಒಂದು ಅಂಗೈ ಅಗಲ ಬಿಟ್ಟು, ಇಮ್ಮಡಿಸಿ ತೂಗುಹಾಕಿದೆ. ಆ ಖಾಲಿ ಜಾಗ ಮುಖ್ಯ, ಗೋಡೆಗೆ ಅಂಟಿಸಿದರೆ ಅರ್ಧ ಲಾಭ ಹೋಗುತ್ತದೆ. ಇನ್ನೊಂದು ವಿಷಯ ತಡವಾಗಿ ತಿಳಿಯಿತು. ಇಂಥ ಮೈಕುಗಳು ತಮ್ಮ ಬೆನ್ನಿನ ಕಡೆಯ ಶಬ್ದವನ್ನು ಹೆಚ್ಚು ಕೇಳುವುದಿಲ್ಲ, ಮುಂದಿನದನ್ನು ಕೇಳುತ್ತವೆ. ಅಂದರೆ ಓದುವವರ ಮುಖವನ್ನೂ, ಅವರ ಬೆನ್ನ ಹಿಂದಿನ ಗೋಡೆಯನ್ನೂ. ಆದ್ದರಿಂದ ಕೌದಿಗಳು ಮೊದಲು ನನ್ನ ಬೆನ್ನ ಹಿಂದೆ ಬರಬೇಕು, ಆಮೇಲೆ ಬೇರೆಡೆ. ಜೊತೆಗೆ ಮೈಕನ್ನು ಕೋಣೆಯ ನಟ್ಟನಡುವಿನಿಂದ ತೆಗೆದು ಗೋಡೆಯಿಂದ ಎರಡೂವರೆ ಅಡಿಗೆ ಸರಿಸಿದೆ. 112 ಹರ್ಟ್ಸ್ ಉಬ್ಬುವುದು ನಡುವಿನಲ್ಲಿ, ಅಡಗುವುದು ಕಾಲು ಭಾಗದಲ್ಲಿ. ಒಂದು ಮೂಲೆಗೆ ಹತ್ತಿಯ ಹಾಸಿಗೆಯನ್ನು ಸುತ್ತಿ ನಿಲ್ಲಿಸಿದೆ. ಹಂಡೆ ಮಾಯವಾಯಿತು. ಖರ್ಚು: ಹಗ್ಗ ಮತ್ತು ಎಂಟು ಕೊಕ್ಕೆ. ರಾತ್ರಿ ಹೊದೆಯುವುದನ್ನು ಗೋಡೆಗೆ ಹೊದಿಸಿದ್ದಾನೆ ಅಳಿಯ ಎಂದು ಅತ್ತೆಯವರು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ.

ಹೊರಗಿನ ಸದ್ದಿಗೆ ಮಾತ್ರ ಕೌದಿಯೂ ಏನೂ ಮಾಡದು. ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿ, ಕುಕ್ಕರು, ಸಂಪಿನ ಮೋಟಾರು. ರಾತ್ರಿ ಹತ್ತರ ನಂತರವೇ ನನ್ನ ಕೆಲಸ. ಆಗಲೂ ಹಲ್ಲಿ ಲೊಚಗುಟ್ಟುತ್ತದೆ, ಅದೂ ಸರಿಯಾಗಿ ದುಃಖದ ಸನ್ನಿವೇಶದಲ್ಲಿ. ಅತ್ಯುತ್ತಮ ಸಮಯ ಯಾವುದೆಂದರೆ ಕರೆಂಟು ಹೋದಾಗ. ಇಡೀ ಬೀದಿಯ ಫ್ಯಾನು, ಫ್ರಿಜ್ಜು, ಮೋಟಾರು ಒಟ್ಟಿಗೆ ಸುಮ್ಮನಾಗುತ್ತವೆ. ಸ್ಕಾರ್ಲೆಟ್ ಸೋಲೊ ಯುಎಸ್‌ಬಿಯಿಂದಲೇ ವಿದ್ಯುತ್ತು ಪಡೆಯುವುದರಿಂದ ಲ್ಯಾಪ್‌ಟಾಪಿನ ಬ್ಯಾಟರಿ ಇರುವವರೆಗೆ ಓದಬಹುದು. ನನ್ನ ಒಳ್ಳೆಯ ಅಧ್ಯಾಯಗಳಲ್ಲಿ ಮೂರು ಮೋಂಬತ್ತಿ ಬೆಳಕಿನಲ್ಲಿ ಆದವು.

ಚಾರ್ಜರ್ ಸಿಕ್ಕಿಸಿದಾಗ ಕೇಳುತ್ತಿದ್ದ ಗುಂಯ್‌ಗುಡುವಿಕೆ ತಿಂಗಳುಗಟ್ಟಲೆ ಕಾಡಿತು. ಕೇಬಲ್ ಬದಲಿಸಿದೆ, ಬೈದೆ, ಮತ್ತೆ ಬದಲಿಸಿದೆ. ಕೊನೆಗೆ ಎಲೆಕ್ಟ್ರೀಷಿಯನ್ ಬಂದು ಸಾಕೆಟ್ ಬಿಚ್ಚಿದಾಗ ಮೂರನೇ ತೂತಿಗೆ ಅರ್ಥ್ ತಂತಿಯೇ ಇರಲಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ತಂತ್ರಾಂಶದ ಆವರ್ತನ ನಕ್ಷೆಯಲ್ಲಿ 50, 100, 150ರಲ್ಲಿ ಗೆರೆಗಳು ಕಂಡರೆ ಮೈಕನ್ನು ದೂರುವ ಮೊದಲು ಗೋಡೆಯನ್ನು ನೋಡಿ.

ಎಟಿ2020ರ ಸ್ವಂತ ಸದ್ದು 20 ಡೆಸಿಬೆಲ್ ಎಂದು ಕಂಪನಿಯೇ ಹೇಳುತ್ತದೆ. ಅದಕ್ಕಿಂತ ಬಹಳ ಕಡಿಮೆ ಸದ್ದಿನ ದುಬಾರಿ ಮೈಕುಗಳಿವೆ. ನನ್ನ ಕೋಣೆಯ ಮಧ್ಯರಾತ್ರಿಯ ಮೌನವೇ ಅದಕ್ಕಿಂತ ಗಟ್ಟಿ ಇರುವಾಗ ಆ ವ್ಯತ್ಯಾಸಕ್ಕೆ ದುಡ್ಡು ಸುರಿಯುವುದೇಕೆ? ಆಡಿಯೊ ಪುಸ್ತಕದವರು ಉಲ್ಲೇಖಿಸುವ ಎಸಿಎಕ್ಸ್ (ಅಮೆಜಾನಿನ ಆಡಿಯೊ ಪುಸ್ತಕ ವೇದಿಕೆ) ಮಾನದಂಡ ಹೀಗಿದೆ, ಇಲ್ಲಿ ಸೊನ್ನೆ ಎಂದರೆ ಮುದ್ರಿಸಬಹುದಾದ ಅತಿ ಗಟ್ಟಿ ಶಬ್ದ: ಸರಾಸರಿ ಮಟ್ಟ −23ರಿಂದ −18 ಡೆಸಿಬೆಲ್ ಒಳಗೆ, ಗರಿಷ್ಠ −3 ಮೀರಬಾರದು, ಹಿನ್ನೆಲೆ ಸದ್ದು −60ಕ್ಕಿಂತ ಕೆಳಗೆ. ಕಡೆಯದೇ ಕಷ್ಟ. ನನಗೆ ಮೊದಲು ಬರುತ್ತಿದ್ದದ್ದು −47. ಫ್ಯಾನು ನಿಲ್ಲಿಸಿ, ಲ್ಯಾಪ್‌ಟಾಪನ್ನು ಬಾಗಿಲಾಚೆ ಇಟ್ಟು, ಕಿಟಕಿಯ ಸಂದಿಗಳಿಗೆ ರಬ್ಬರ್ ಪಟ್ಟಿ ತುರುಕಿದ ಮೇಲೆ −62. ಏಪ್ರಿಲ್‌ನಲ್ಲಿ ಫ್ಯಾನಿಲ್ಲದೆ ನಲವತ್ತು ನಿಮಿಷ ಓದುವುದು ತಪಸ್ಸೇ.

ಸದ್ದು ಇಳಿಸಲು ನಾಯ್ಸ್ ಗೇಟ್ (ಒಂದು ಮಟ್ಟಕ್ಕಿಂತ ಮೆಲ್ಲಗಿನದನ್ನೆಲ್ಲ ಅಡಗಿಸುವ ಸೌಲಭ್ಯ) ಬಳಸಿ ಎಂದು ಸಲಹೆ ಕೊಡುವವರು ಕನ್ನಡ ಓದಿದವರಲ್ಲ. ನಮ್ಮ ವಾಕ್ಯಗಳು ಮುಗಿಯುವುದು ಸ್ವರದಲ್ಲಿ. ‘ಬಂದನು’ ಎಂಬುದರ ಕೊನೆಯ ಉಕಾರ ಉಸಿರಿನಷ್ಟು ಮೆಲ್ಲಗೆ ಇರುತ್ತದೆ, ಗೇಟು ಅದನ್ನು ನುಂಗಿ ‘ಬಂದನ್’ ಮಾಡುತ್ತದೆ. ಒಂದಿಡೀ ಕಥೆ ಹೀಗೆ ಹಳಗನ್ನಡದ ಛಾಯೆ ಪಡೆದು ಪ್ರಕಾಶಕರಿಂದ ವಾಪಸು ಬಂತು. ಮಹಾಪ್ರಾಣಗಳದ್ದು ಬೇರೆಯೇ ಕಾಟ. ಭೀಮ, ಫಲ, ಅಷ್ಟೇಕೆ ಬರಿಯ ‘ಅಪ್ಪ’ ಕೂಡ ಮೈಕಿನ ಮೇಲೆ ಗಾಳಿ ಊದುತ್ತದೆ. ಮೈಕಿನ ಮುಂದಿಡುವ ಜಾಲರಿ, ಅಂದರೆ ಪಾಪ್ ಫಿಲ್ಟರ್, ಬೇಕೇ ಬೇಕು. ಅದಕ್ಕಿಂತಲೂ ಮೈಕನ್ನು ಬಾಯಿಯ ನೇರಕ್ಕಿಡದೆ ತುಸು ಓರೆಯಾಗಿಡುವುದು ಹೆಚ್ಚು ಫಲ ಕೊಟ್ಟಿತು. ದೂರ ಒಂದು ಗೇಣು. ಊಟಕ್ಕೆ ಮೊಸರನ್ನ ತಿಂದು ಕೂತರೆ ನಾಲಿಗೆ ಅಂಟಂಟಾಗಿ ಪ್ರತಿ ಪದಕ್ಕೂ ಚಟ್ ಎನ್ನುತ್ತದೆ. ಈ ತ್ಯಾಗ ನನಗೆ ಸುಲಭವಾಗಿರಲಿಲ್ಲ.

ಆಡಾಸಿಟಿಯ ಬಗ್ಗೆ ಎರಡೇ ಮಾತು. ಮುದ್ರಿಸುವ ಮೊದಲು ಮೊನೊ (ಒಂದೇ ವಾಹಿನಿ) ಎಂದು ಆರಿಸಿಕೊಳ್ಳಿ, ಇಲ್ಲವಾದರೆ ನನ್ನಂತೆ ಇಡೀ ಅಧ್ಯಾಯವನ್ನು ಎಡಗಿವಿಗೆ ಮಾತ್ರ ಓದುತ್ತೀರಿ. ಮತ್ತು ಶಿಫ್ಟ್ ಜೊತೆ ಡಿ ಒತ್ತಿದರೆ ಬರುವ ಪಂಚ್ ಅಂಡ್ ರೋಲ್ ಸೌಲಭ್ಯ ಕಲಿಯಿರಿ. ತಪ್ಪಿದಲ್ಲಿಗೆ ಹಿಂತಿರುಗಿ, ಕೆಲವು ಸೆಕೆಂಡು ಹಿಂದಿನದನ್ನು ಕೇಳಿಸಿ, ಅಲ್ಲಿಂದಲೇ ಮುಂದುವರಿಸುತ್ತದೆ. ಒಂದು ಗಂಟೆಯ ಕಥೆಗೆ ನನಗೆ ಐದು ಗಂಟೆ ಹಿಡಿಯುತ್ತಿದ್ದದ್ದು ಎರಡೂವರೆಗೆ ಇಳಿದದ್ದು ಇದರಿಂದ.

ಎಸ್ಎಂ58 ತಂದದ್ದಕ್ಕೆ ಕಾರಣ ಪಕ್ಕದ ನಿವೇಶನ. ಅಲ್ಲಿ ಮನೆ ಏಳುತ್ತಿದೆ. ಕಾವಲಿನವರ ರೇಡಿಯೊ, ರಾತ್ರಿ ಇಳಿಸುವ ಜಲ್ಲಿ ಲಾರಿ ಎಲ್ಲವನ್ನೂ ಕಂಡೆನ್ಸರ್ ಭಕ್ತಿಯಿಂದ ಆಲಿಸುತ್ತದೆ, ಅದರ ಜಾತಿಯೇ ಹಾಗೆ. ಎಸ್ಎಂ58 ಡೈನಾಮಿಕ್ ಮೈಕು, ಅಷ್ಟು ಸೂಕ್ಷ್ಮವಲ್ಲದ ಜಾತಿ. ನಾಲ್ಕು ಬೆರಳಿನ ದೂರದಿಂದ ಓದಿದರೆ ಬಾಯಿಯ ಮಾತು ಎಷ್ಟೋ ಮುಂದೆ, ಬೀದಿ ಎಷ್ಟೋ ಹಿಂದೆ. ಮೈಕಿನ ಶಬ್ದವನ್ನು ಹಿಗ್ಗಿಸುವ ಗೇನ್ ಗುಂಡಿಯನ್ನು ಮುಕ್ಕಾಲು ಭಾಗ ತಿರುಗಿಸಬೇಕು, ‘ಸ’ಕಾರದ ಹೊಳಪು ಸ್ವಲ್ಪ ಕಡಿಮೆ. ಸದ್ಯಕ್ಕೆ ಎಟಿ2020 ಸಿಲಿಕಾ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮಲಗಿದೆ. ಪಕ್ಕದವರು ಇನ್ನೂ ಮೊದಲ ಮಹಡಿಯ ಮೋಲ್ಡಿಂಗ್ ಹಾಕಿಲ್ಲ. ನೆಲಕ್ಕೆ ಟೈಲ್ಸೋ ಗ್ರಾನೈಟೋ ಎಂದು ಮೊನ್ನೆ ನನ್ನನ್ನೇ ಕೇಳಿದರು. ಯಾವುದನ್ನು ಕತ್ತರಿಸುವಾಗ ಸದ್ದು ಕಡಿಮೆ ಎಂದು ವಿಚಾರಿಸುತ್ತಿದ್ದೇನೆ.